ಪೆನ್ಸಿಲ್ ತೂರಬೇಕು, ಕಿರುಬೆರಳು ತೂರಬಾರದು

ಹಿತ್ತಲಿನ ಜೇನಿಗೆ ಬೇಕಾದ ಪೆಟ್ಟಿಗೆ, ಹೊಗೆಡಬ್ಬಿ, ಮುಖಪರದೆಗಳನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬಹುದು. ಎಲ್ಲದರಲ್ಲೂ ಉಳಿತಾಯ ಮಾಡಿ, ಅಳತೆಯಲ್ಲಿ ಮಾತ್ರ ಬೇಡ!

ಮಲೆನಾಡು, ಕರಾವಳಿ, ಕೊಡಗಿನ ಹಳೆಯ ಮನೆಗಳ ಅಟ್ಟ ಹತ್ತಿದರೆ ಒಂದೆರಡು ಖಾಲಿ ಜೇನು ಪೆಟ್ಟಿಗೆಗಳು ಸಿಗುವುದು ಇಂದಿಗೂ ಅಪರೂಪವೇನಲ್ಲ. ಅವುಗಳಲ್ಲಿ ಕೆಲವು 1991-92ರ ಆಸುಪಾಸಿನಲ್ಲಿ ಖಾಲಿಯಾದವು. ಆಗ ದಕ್ಷಿಣ ಭಾರತಕ್ಕೆ ಬಂದೆರಗಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನುಂಗಿ ಹಾಕಿತು. ವರ್ಷಗಟ್ಟಲೆ ಜೇನು ಸಾಕಿದವರೂ ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿ ಕೈತೊಳೆದುಕೊಂಡರು.

ಆದರೆ ಎಲ್ಲ ಖಾಲಿ ಪೆಟ್ಟಿಗೆಗಳ ಕಥೆಯೂ ರೋಗದ ಕಥೆಯಲ್ಲ. ಆಸೆಪಟ್ಟು ಊರಿನ ಆಚಾರಿಯಿಂದ ಪೆಟ್ಟಿಗೆ ಮಾಡಿಸಿ, ಮರದ ಪೊಟರೆಯಿಂದ ಜೇನು ತಂದು ಕೂರಿಸಿ, ಎರಡು ಮೂರು ತಿಂಗಳಲ್ಲೇ ಅದು ಹಾರಿಹೋದದ್ದನ್ನು ಕಂಡವರು ಎಷ್ಟೋ ಮಂದಿ. ‘ನಮಗೆ ಜೇನು ಕೈಹಿಡಿಯುವುದಿಲ್ಲ’, ‘ಅದಕ್ಕೆಲ್ಲ ಕೈಗುಣ ಬೇಕು’ ಎಂದು ಅವರು ಸುಮ್ಮನಾಗುತ್ತಾರೆ. ಇಂಥ ಪೆಟ್ಟಿಗೆಯನ್ನು ಕೆಳಗಿಳಿಸಿ ಅಳತೆಪಟ್ಟಿ ಹಿಡಿದು ನೋಡಿದರೆ ಹಲವು ಸಲ ಬೇರೆಯೇ ಸಂಗತಿ ಹೊರಬೀಳುತ್ತದೆ. ಮರ ಒಳ್ಳೆಯದು, ಕೆಲಸವೂ ಅಚ್ಚುಕಟ್ಟು. ತಪ್ಪಿರುವುದು ಒಳಗಿನ ಕೆಲವೇ ಮಿಲಿಮೀಟರ್‌ಗಳ ಲೆಕ್ಕ!

ಪಾದ್ರಿ ಕಂಡ ಸಂದು

ಈ ಲೆಕ್ಕವನ್ನು ಜಗತ್ತಿಗೆ ಕೊಟ್ಟವರು ಅಮೆರಿಕದ ಪಾದ್ರಿ ಲಾರೆಂಜೊ ಲ್ಯಾಂಗ್‌ಸ್ಟ್ರಾತ್. ಅದಕ್ಕೂ ಮುಂಚೆ ಜೇನು ತೆಗೆಯಬೇಕಾದರೆ ಪೆಟ್ಟಿಗೆಯ ಗೋಡೆಗೆ ಅಂಟಿದ ಎರಿಗಳನ್ನು ಕತ್ತರಿಸಲೇಬೇಕಿತ್ತು. 1851ರಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಒಂದು ಅಂಗುಲದ ಎಂಟನೇ ಮೂರು ಭಾಗದಷ್ಟು, ಅಂದರೆ ಸುಮಾರು ಒಂಬತ್ತು ಮಿಲಿಮೀಟರ್ ಸಂದು ಬಿಟ್ಟರೆ ಜೇನ್ನೊಣಗಳು ಅದನ್ನು ಓಡಾಡುವ ದಾರಿಯಾಗಿ ಹಾಗೆಯೇ ಉಳಿಸಿಕೊಳ್ಳುತ್ತವೆ. ಅದಕ್ಕಿಂತ ಕಿರಿದಾದರೆ ಮುಚ್ಚಿಬಿಡುತ್ತವೆ. ಹಿರಿದಾದರೆ ಅಲ್ಲೊಂದು ಎರಿ ಕಟ್ಟುತ್ತವೆ. ಚೌಕಟ್ಟಿನ ಸುತ್ತ ಇಷ್ಟೇ ಸಂದು ಉಳಿಯುವಂತೆ ಅವರು ಪೆಟ್ಟಿಗೆ ರಚಿಸಿದರು. ಪುಸ್ತಕದ ಕಪಾಟಿನಿಂದ ಪುಸ್ತಕ ತೆಗೆದಂತೆ ಎರಿಯನ್ನು ತೆಗೆದು, ನೋಡಿ, ಮತ್ತೆ ಇಡುವುದು ಸಾಧ್ಯವಾಯಿತು. ಮರುವರ್ಷ ಅದಕ್ಕೆ ಪೇಟೆಂಟ್ ದೊರೆಯಿತು. ಆಧುನಿಕ ಜೇನುಸಾಕಣೆ ನಿಂತಿರುವುದು ಈ ಒಂದು ಸಂದಿನ ಮೇಲೆ.

ನಮ್ಮ ತುಡುವೆ ಪಾಶ್ಚಾತ್ಯ ಜೇನಿಗಿಂತ ಚಿಕ್ಕದು. ಅದಕ್ಕೆ ದೊಡ್ಡ ಪೆಟ್ಟಿಗೆ ಒಗ್ಗುವುದಿಲ್ಲ. 1910ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಅವರು ತುಡುವೆಗೆಂದೇ ಚಿಕ್ಕ ಪೆಟ್ಟಿಗೆಯೊಂದನ್ನು ರೂಪಿಸಿದರು. ಇಂದಿಗೂ ‘ನ್ಯೂಟನ್ ಪೆಟ್ಟಿಗೆ’ ಎಂಬ ಹೆಸರು ಉಳಿದಿದೆ. ಸಂಸಾರ ಕೋಣೆಯಲ್ಲಿ ಏಳೋ ಎಂಟೋ ಚೌಕಟ್ಟುಗಳು. ಪ್ರತಿ ಚೌಕಟ್ಟಿನಲ್ಲಿ ಸುಮಾರು ಎಂಟು ಅಂಗುಲ ಉದ್ದ, ಐದೂವರೆ ಅಂಗುಲ ಎತ್ತರದ ಎರಿ. ಮೇಲೆ ಗಿಡ್ಡ ಚೌಕಟ್ಟುಗಳ ಜೇನು ಕೋಣೆ.

ಕೆಲವು ಮಿಲಿಮೀಟರ್ ತಪ್ಪಿದರೆ ಆಗುವುದೇನು? ಎರಿ ಗೋಡೆಗೆ ಅಂಟುತ್ತದೆ. ಚೌಕಟ್ಟು ಎತ್ತಿದ ಕೂಡಲೇ ಮುರಿದು ಜೇನು ಸೋರುತ್ತದೆ, ಮರಿಗಳು ಸಾಯುತ್ತವೆ, ಒಮ್ಮೊಮ್ಮೆ ರಾಣಿಯೇ ನಲುಗುತ್ತದೆ. ಸೋರಿದ ಜೇನಿಗೆ ಇರುವೆ ಬರುತ್ತದೆ. ಇಷ್ಟಾದ ಮೇಲೆ ಪೆಟ್ಟಿಗೆ ತೆರೆಯಲು ಮನೆಯವರಿಗೂ ಅಂಜಿಕೆ. ತೆರೆಯದ ಪೆಟ್ಟಿಗೆಯ ತಳದಲ್ಲಿ ಕಸ ಕೂತು ಮೇಣದ ಹುಳು ಸೇರಿಕೊಳ್ಳುತ್ತದೆ. ಕೊನೆಗೊಂದು ದಿನ ಕುಟುಂಬ ಪರಾರಿ! ತುಡುವೆಗೆ ಬೇಸರವಾದರೆ ಮನೆ ಬಿಟ್ಟುಹೋಗುವ ಸ್ವಭಾವ ಮೊದಲೇ ಇದೆ. ಅದಕ್ಕೆ ನೆವ ಒದಗಿಸಬಾರದು.

ಶಾಲೆಯ ಪೆನ್ಸಿಲ್ಲೇ ಅಳತೆಗೋಲು

ತುಡುವೆಗೆ ಎಂಟು ಮಿಲಿಮೀಟರ್, ಹೆಚ್ಚೆಂದರೆ ಒಂಬತ್ತು ಮಿಲಿಮೀಟರ್ ದಾರಿ ಸಾಕು. ಇದನ್ನು ಪರೀಕ್ಷಿಸಲು ದುಬಾರಿ ಉಪಕರಣವೇನೂ ಬೇಡ. ಮಕ್ಕಳು ಬರೆಯುವ ಸಾಧಾರಣ ಪೆನ್ಸಿಲ್ಲಿನ ದಪ್ಪ ಸುಮಾರು ಏಳು ಮಿಲಿಮೀಟರ್. ಚೌಕಟ್ಟಿನ ಪಕ್ಕದಲ್ಲಿ, ಅಡಿಯಲ್ಲಿ, ಎರಡು ಕೋಣೆಗಳ ನಡುವೆ ಪೆನ್ಸಿಲ್ ಸಲೀಸಾಗಿ ತೂರಬೇಕು. ದೊಡ್ಡವರ ಕಿರುಬೆರಳು ತೂರಬಾರದು. ಇಷ್ಟು ನೆನಪಿಟ್ಟುಕೊಂಡರೆ ಆಚಾರಿಯ ಕೆಲಸವನ್ನು ಯಾರು ಬೇಕಾದರೂ ತನಿಖೆ ಮಾಡಬಹುದು.

ಕೆಲಸ ಆರಂಭಿಸುವಾಗ ಪೆಟ್ಟಿಗೆಯಿಂದ ಆರಂಭಿಸಬಾರದು, ಚೌಕಟ್ಟಿನಿಂದ ಆರಂಭಿಸಬೇಕು. ನೆರೆಯಲ್ಲಿ ಜೇನು ಸಾಕುವವರಿಂದ ಸರಿಯಾದ ಒಂದು ಹೊಸ ಚೌಕಟ್ಟು ತಂದು ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. ಅದರ ಹೊರಗಿನ ಅಗಲ 230 ಮಿಲಿಮೀಟರ್ ಇದೆ ಎನ್ನಿ. ಎರಡೂ ಬದಿಗೆ ಎಂಟೆಂಟು ಸೇರಿಸಿದರೆ ಪೆಟ್ಟಿಗೆಯ ಒಳ ಅಳತೆ 246 ಮಿಲಿಮೀಟರ್. ಇನ್ನೊಂದು ದಿಕ್ಕಿನ ಲೆಕ್ಕವೂ ಸುಲಭ. ಚೌಕಟ್ಟಿನ ಮೇಲುಪಟ್ಟಿಯ ಅಗಲ 22 ಮಿಲಿಮೀಟರ್, ಎರಡು ಪಟ್ಟಿಗಳ ನಡುವೆ ಒಂಬತ್ತು ಮಿಲಿಮೀಟರ್ ದಾರಿ. ಎಂಟು ಚೌಕಟ್ಟುಗಳಿಗೆ 176 ಮಿಲಿಮೀಟರ್. ದಾರಿಗಳು ಎಷ್ಟು? ಎಂಟಲ್ಲ, ಒಂಬತ್ತು. ಗೋಡೆಯ ಕಡೆಗೂ ಒಂದೊಂದು ದಾರಿ ಬೇಕಲ್ಲವೇ? ಅವುಗಳಿಗೆ 81. ಒಟ್ಟು 257 ಮಿಲಿಮೀಟರ್. ಬಹಳ ಮಂದಿ ಎಡವುವುದು ಈ ಒಂಬತ್ತನೆಯ ದಾರಿಯಲ್ಲೇ.

ಅಡಿಮಣೆ ಮತ್ತು ಸಂಸಾರ ಕೋಣೆಯ ಚೌಕಟ್ಟಿನ ತಳದ ನಡುವೆ ಹಾಗೂ ಈ ಚೌಕಟ್ಟುಗಳ ಮೇಲ್ಭಾಗ ಮತ್ತು ಜೇನು ಕೋಣೆಯ ಚೌಕಟ್ಟುಗಳ ತಳದ ನಡುವೆಯೂ ಇದೇ ನಿಯಮ. ಹೊರಬಾಗಿಲು ಎಂಟು ಮಿಲಿಮೀಟರ್ ಎತ್ತರ, ಏಳೆಂಟು ಸೆಂಟಿಮೀಟರ್ ಅಗಲವಿದ್ದರೆ ಧಾರಾಳವಾಯಿತು. ಬಾಗಿಲು ಚಿಕ್ಕದಿದ್ದಷ್ಟೂ ಕಣಜಗಳ ಕಾಟ ಕಡಿಮೆ.

ಹಸಿ ಮರದ ಮೋಸ

ಹಲಸು, ಮಾವು, ಸಿಲ್ವರ್ ಓಕ್, ಹಳೆಯ ಕಿಟಕಿ ಬಾಗಿಲಿನ ಹಲಗೆ ಇವೆಲ್ಲ ಪೆಟ್ಟಿಗೆಗೆ ಆಗುತ್ತವೆ. ಕಟುವಾಸನೆಯ ಮರ ಬೇಡ. ಕೀಟನಾಶಕ ತುಂಬಿದ್ದ ಡಬ್ಬಗಳ ಪೆಟ್ಟಿಗೆ, ಗೆದ್ದಲು ಔಷಧಿ ಬಳಿದ ಹಲಗೆಯನ್ನಂತೂ ಮುಟ್ಟಲೇಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಮರ ಚೆನ್ನಾಗಿ ಒಣಗಿರಬೇಕು.

ಇದರ ಹಿಂದೊಂದು ವಿಜ್ಞಾನವಿದೆ. ಮರ ಒಣಗುವಾಗ ಎಳೆಯ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ. ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಪೆಟ್ಟಿಗೆಯ ಗೋಡೆಗೆ ಹಲಗೆಯನ್ನು ಅಡ್ಡಲಾಗಿ ಜೋಡಿಸುವುದರಿಂದ ಉದ್ದ ಅಗಲಗಳು ಹಾಗೆಯೇ ಉಳಿದು, ಎತ್ತರ ಮಾತ್ರ ಕಡಿಮೆಯಾಗುತ್ತದೆ. ಆರು ಅಂಗುಲದ ಹಸಿ ಹಲಗೆ ಒಣಗಿದಾಗ ನಾಲ್ಕೈದು ಮಿಲಿಮೀಟರ್ ಕುಗ್ಗಿದರೂ ಸಾಕು, ಚೌಕಟ್ಟಿನ ತಳದಲ್ಲಿ ಬಿಟ್ಟ ಎಂಟು ಮಿಲಿಮೀಟರ್ ದಾರಿಯಲ್ಲಿ ಅರ್ಧ ಮಾಯ! ಕಾರ್ತಿಕದಲ್ಲಿ ಸರಿಯಿದ್ದ ಪೆಟ್ಟಿಗೆ ಯುಗಾದಿ ಹೊತ್ತಿಗೆ ಕೈಕೊಡುವುದು ಹೀಗೆ.

ತುಡುವೆಯ ಇನ್ನೊಂದು ಗುಣವನ್ನೂ ಗಮನಿಸಬೇಕು. ಪಾಶ್ಚಾತ್ಯ ಜೇನು ಮರಗಳ ಅಂಟನ್ನು ತಂದು ಬಿರುಕುಗಳಿಗೆಲ್ಲ ಮೆತ್ತುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲ. ಆದ್ದರಿಂದ ಬಿರುಕು ಮುಚ್ಚುವ ಕೆಲಸ ಸಾಕುವವರದ್ದೇ. ಜೇನುಮೇಣ ಕರಗಿಸಿ ಸವರಿದರೆ ಬಿರುಕೂ ಮುಚ್ಚಿತು, ಪೆಟ್ಟಿಗೆಗೆ ಜೇನಿಗೆ ಪರಿಚಿತವಾದ ವಾಸನೆಯೂ ಬಂತು. ಪೆಟ್ಟಿಗೆಯ ಒಳಮೈಗೆ ಬಣ್ಣ ಬಳಿಯಬಾರದು. ಹೊರಮೈಗೆ ಬಳಿದು, ವಾಸನೆ ಪೂರ್ತಿ ಹೋದ ಮೇಲೆಯೇ ಉಪಯೋಗಿಸಬೇಕು.

ಪೆಟ್ಟಿಗೆ ನಿಲ್ಲಿಸಲು ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡಿ, ಪ್ರತಿ ಕಾಲನ್ನೂ ನೀರು ತುಂಬಿದ ಗೆರಟೆಯಲ್ಲಿ ಇಟ್ಟರೆ ಇರುವೆ ಹತ್ತದು. ಗೆರಟೆಯ ನೀರು ಬತ್ತದಂತೆ ನೋಡಿಕೊಳ್ಳಬೇಕು, ಸೊಳ್ಳೆ ಮೊಟ್ಟೆಯಿಡದಂತೆ ಆಗಾಗ ಚೆಲ್ಲಿ ಬದಲಿಸಬೇಕು. ನೀರಿನ ರಗಳೆ ಬೇಡವೆನ್ನುವವರು ಒಂದೇ ಗೂಟ ನೆಟ್ಟು, ಅದರ ಸುತ್ತ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಕಟ್ಟುತ್ತಾರೆ. ಹುಲ್ಲಿನ ಒಂದು ಎಸಳು ನೆಲದಿಂದ ಪೆಟ್ಟಿಗೆಗೆ ತಾಗಿಕೊಂಡಿದ್ದರೂ ಇರುವೆಗೆ ಅದೇ ಸೇತುವೆ.

ಹೊಗೆ, ಪರದೆ, ಉಳಿ

ಹೊಗೆಡಬ್ಬಿಗೆ ಹಳೆಯ ಹಾಲಿನ ಪುಡಿಯ ಡಬ್ಬ ಸಾಕು. ಮುಚ್ಚಳಕ್ಕೆ ತಗಡಿನ ಕೊಳವೆ, ತಳದ ಬದಿಯಲ್ಲಿ ಗಾಳಿ ಹೋಗಲು ತೂತು. ಎರಡು ಚಿಕ್ಕ ಹಲಗೆಗಳ ನಡುವೆ ರೆಕ್ಸಿನ್ ಹೊಲಿದು, ಒಳಗೊಂದು ಸ್ಪ್ರಿಂಗ್ ಕೂರಿಸಿದರೆ ತಿದಿ ಸಿದ್ಧ. ತುಂಬಲು ಒಣ ತೆಂಗಿನ ಸಿಪ್ಪೆ ಅಥವಾ ಅಡಿಕೆ ಸಿಪ್ಪೆ. ಒಂದೇ ಪೆಟ್ಟಿಗೆ ಇರುವವರಿಗೆ ಹೊಗೆಯಾಡುವ ತೆಂಗಿನ ಸಿಪ್ಪೆಯ ತುಂಡು ಹಿಡಿದು ಬಾಯಲ್ಲಿ ಮೆಲ್ಲಗೆ ಊದಿದರೂ ನಡೆಯುತ್ತದೆ. ಹೊಗೆ ತಣ್ಣಗಿರಬೇಕು, ಬೆಂಕಿ ಕಿಡಿ ಹಾರಬಾರದು.

ಹೊಗೆ ಯಾಕೆ? ಒಂದು ನೊಣ ಕುಟುಕಿದಾಗ ಕೊಂಡಿಯ ಬುಡದಿಂದ ಒಂದು ರಾಸಾಯನಿಕ ಗಾಳಿಗೆ ಸೇರುತ್ತದೆ. ಅದು ಉಳಿದ ನೊಣಗಳಿಗೆ ‘ಶತ್ರು ಇಲ್ಲಿದ್ದಾನೆ’ ಎಂಬ ಕರೆ. ಐಸೊಪೆಂಟೈಲ್ ಅಸಿಟೇಟ್ ಎಂಬ ಈ ವಸ್ತುವಿಗೆ ಬಾಳೆಹಣ್ಣಿನ ವಾಸನೆ. ಹೊಗೆ ಆ ವಾಸನೆಯನ್ನು ಮರೆಮಾಚುತ್ತದೆ. ಜೊತೆಗೆ ಹೊಗೆ ಕಂಡ ನೊಣಗಳು ಹೊಟ್ಟೆ ತುಂಬ ಜೇನು ಹೀರಿಕೊಂಡು ಶಾಂತವಾಗುತ್ತವೆ. ಒಮ್ಮೆ ಕುಟುಕಿಸಿಕೊಂಡ ಜಾಗದ ಮೇಲೂ ಹೊಗೆ ಹಾಯಿಸಬೇಕು ಎನ್ನುವುದು ಈ ಕಾರಣದಿಂದ.

ಅಗಲ ಅಂಚಿನ ಹುಲ್ಲಿನ ಟೊಪ್ಪಿಗೆ ಸೊಳ್ಳೆಪರದೆಯ ಬಟ್ಟೆ ಹೊಲಿದರೆ ಮುಖಪರದೆ. ಕಣ್ಣಿನ ಎದುರಿಗೆ ಕಪ್ಪು ಬಲೆ ಹಾಕಿ; ಬಿಳಿ ಬಲೆ ಬಿಸಿಲಿಗೆ ಹೊಳೆದು ಮೊಟ್ಟೆಗಳೇ ಕಾಣುವುದಿಲ್ಲ. ಬಲೆ ಮೂಗಿಗೆ ತಾಗದಂತೆ ತಂತಿಯ ಬಳೆ ಬೇಕು. ಚೌಕಟ್ಟು ಸಡಿಲಿಸಲು ಹಳೆಯ ಉಳಿಯೋ, ಲಾರಿಯ ಪ್ಲೇಟಿನ ತುಂಡನ್ನು ಕಮ್ಮಾರನ ಹತ್ತಿರ ಬಡಿಸಿ ಚಪ್ಪಟೆ ಮಾಡಿಸಿದ ಪಟ್ಟಿಯೋ ಆದೀತು. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಲು ಗೆರಟೆಯೇ ಬಟ್ಟಲು. ಪಾಕದ ಮೇಲೆ ನಾಲ್ಕು ಕಡ್ಡಿ ತೇಲಿಬಿಡಿ, ಇಲ್ಲವಾದರೆ ನೊಣಗಳು ಮುಳುಗಿ ಸಾಯುತ್ತವೆ. ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ಹೊರಗಿಟ್ಟರೆ ಅಕ್ಕಪಕ್ಕದ ಕುಟುಂಬಗಳ ನಡುವೆ ಕಳ್ಳತನ, ಕಾದಾಟ ಶುರುವಾಗುತ್ತದೆ.

ಬೆಂಕಿಪೊಟ್ಟಣದ ರಾಣಿ, ಬಾಳೆನಾರಿನ ಕಟ್ಟು

ಕುಟುಂಬವನ್ನು ಪೆಟ್ಟಿಗೆಗೆ ತುಂಬುವಾಗ ಬೇಕಾಗುವ ಸಾಮಗ್ರಿಗಳಂತೂ ಇನ್ನೂ ಅಗ್ಗ. ಪೊಟರೆಯಿಂದ ಮರಿಗಳಿರುವ ಎರಿಗಳನ್ನು ಒಂದೊಂದಾಗಿ ಕತ್ತರಿಸಿ, ಮೇಲು ಕೆಳಗಾಗದಂತೆ ಚೌಕಟ್ಟಿಗೆ ಹಿಡಿದು, ಬಾಳೆಯ ನಾರಿನಿಂದ ಕಟ್ಟಬೇಕು. ಕೆಲವೇ ದಿನಗಳಲ್ಲಿ ನೊಣಗಳು ಎರಿಯನ್ನು ಮೇಣದಿಂದ ಚೌಕಟ್ಟಿಗೆ ಬೆಸೆದು, ಕೆಲಸ ಮುಗಿದ ನಾರನ್ನು ಕಚ್ಚಿ ಕಚ್ಚಿ ಹೊರಗೆಸೆಯುತ್ತವೆ! ಪ್ಲಾಸ್ಟಿಕ್ ದಾರವಾದರೆ ಅವುಗಳಿಗೆ ಅದನ್ನು ತುಂಡರಿಸಲಾಗದು. ಜೇನು ತುಂಬಿದ ಎರಿ ಭಾರಕ್ಕೆ ಜಾರುವುದರಿಂದ ಅದನ್ನು ಕಟ್ಟಬಾರದು.

ರಾಣಿ ಕಂಡರೆ ಸಣ್ಣ ತೂತು ಮಾಡಿದ ಖಾಲಿ ಬೆಂಕಿಪೊಟ್ಟಣಕ್ಕೆ ನಯವಾಗಿ ಹತ್ತಿಸಿ ಪೆಟ್ಟಿಗೆಯ ಚೌಕಟ್ಟುಗಳ ನಡುವೆ ಇಟ್ಟರಾಯಿತು. ರಾಣಿಯ ವಾಸನೆ ಹಿಡಿದು ಉಳಿದವು ತಾವಾಗಿ ಒಳಸೇರುತ್ತವೆ. ಕುಟುಂಬ ನೆಲೆನಿಂತ ಮೇಲೆ ರಾಣಿಯನ್ನು ಬಿಡಬೇಕು. ಪೊಟರೆ ಒಡೆಯಲು ಮನಸ್ಸಿಲ್ಲದವರು ಒಳಗೆ ಮೇಣ ಸವರಿದ ಪೆಟ್ಟಿಗೆಯನ್ನೋ ಮಡಕೆಯನ್ನೋ ನೆರಳಿನಲ್ಲಿ ಇಟ್ಟು ಕಾಯಬಹುದು. ಚಳಿಗಾಲದಲ್ಲಿ ಕುಟುಂಬಗಳು ಪಾಲಾಗುವ ಹೊತ್ತಿಗೆ ಮನೆ ಹುಡುಕುವ ಹಿಂಡು ಬಂದು ಕೂತರೂ ಕೂತೀತು. ಹೀಗಾಗಿ ಪೆಟ್ಟಿಗೆ ಕೆಲಸ ದೀಪಾವಳಿಯ ಹೊತ್ತಿಗೆ ಮುಗಿದಿದ್ದರೆ ಒಳ್ಳೆಯದು.

ಬಕೆಟ್ ತಿರುಗಿಸಿದ ಹುಡುಗ

ಎರಿ ಹಿಂಡಿ ಜೇನು ತೆಗೆದರೆ ಎರಿ ಹಾಳು. ಒಂದು ಕಿಲೋ ಮೇಣ ಹೊರಡಿಸಲು ನೊಣಗಳು ಹಲವು ಕಿಲೋ ಜೇನು ತಿನ್ನಬೇಕು. ಎರಿ ಉಳಿಸಿ ಜೇನು ತೆಗೆಯುವ ಯಂತ್ರವನ್ನು ಇಟಲಿಯಲ್ಲಿದ್ದ ಸೇನಾಧಿಕಾರಿ ಫ್ರಾಂಜ್ ರುಷ್ಕಾ 1865ರಲ್ಲಿ ಪ್ರದರ್ಶಿಸಿದರು. ಎರಿ ಇಟ್ಟ ಪಾತ್ರೆಯನ್ನು ಅವರ ಮಗ ಆಟಕ್ಕೆಂದು ಗಿರಗಿರನೆ ಬೀಸಿದಾಗ ಜೇನು ಹೊರಚಿಮ್ಮಿತ್ತು ಎಂಬ ಕಥೆ ಜೇನು ಸಾಕುವವರಲ್ಲಿ ಪ್ರಚಲಿತ. ತತ್ವ ಅಷ್ಟೇ: ತಿರುಗುವ ವಸ್ತು ಹೊರಕ್ಕೆ ಸಿಡಿಯಲು ನೋಡುತ್ತದೆ.

ಸೈಕಲ್ ಚಕ್ರದ ಹಬ್ಬು, ಒಂದು ಕಂಬಿ, ಎರಡು ಚೌಕಟ್ಟು ಹಿಡಿಯುವ ಸ್ಟೀಲ್ ಜಾಲರಿ, ಒಂದು ಡ್ರಮ್ ಇದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಈ ಯಂತ್ರ ಮಾಡಿಸಬಹುದು. ಡ್ರಮ್ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದೋ ಆಹಾರ ತುಂಬುವ ಪ್ಲಾಸ್ಟಿಕ್ಕಿನದೋ ಇರಬೇಕು. ಜೇನು ಆಮ್ಲೀಯ ವಸ್ತು. ಸತು ಲೇಪಿಸಿದ ತಗಡಿನಲ್ಲಿ ಇಟ್ಟರೆ ಲೋಹ ಜೇನಿಗೆ ಇಳಿಯುತ್ತದೆ. ಮೊದಲು ನಿಧಾನ ತಿರುಗಿಸಿ, ಎರಿ ಮಗುಚಿ, ಮತ್ತೆ ತಿರುಗಿಸಬೇಕು. ಅವಸರಪಟ್ಟರೆ ಎಳೆಯ ಎರಿ ಚೂರು ಚೂರು. ನೊಣಗಳು ಮೇಣದ ಮುಚ್ಚಳ ಹಾಕಿದ ಎರಿಯನ್ನಷ್ಟೇ ಆರಿಸಿ. ನೀರಿನಂಶ ಶೇ 20 ಮೀರಿದ ಜೇನು ಹುಳಿಯುವ ಭಯವಿದೆ. ಒಂದೆರಡು ಪೆಟ್ಟಿಗೆಯವರು ಸ್ವಂತ ಯಂತ್ರಕ್ಕೆ ಖರ್ಚು ಮಾಡುವುದಕ್ಕಿಂತ ನಾಲ್ಕು ಮನೆಯವರು ಕೂಡಿ ಒಂದು ಇಟ್ಟುಕೊಳ್ಳುವುದು ಜಾಣತನ. ತುಡುವೆ ಒಳ್ಳೆಯ ನೆಲೆಯಲ್ಲಿ ವರ್ಷಕ್ಕೆ ಕೊಡುವುದು ಐದರಿಂದ ಹತ್ತು ಕಿಲೋ. ಯಂತ್ರಕ್ಕೆ ಕೆಲಸವಿರುವುದು ವರ್ಷದಲ್ಲಿ ಕೆಲವೇ ದಿನ.

ಉಳಿತಾಯ ಎಲ್ಲಿ ಸಲ್ಲದು?

ಅಟ್ಟದ ಹಳೆಯ ಪೆಟ್ಟಿಗೆ ಪುಕ್ಕಟೆ ಸಿಕ್ಕಿತೆಂದು ಹಾಗೆಯೇ ಬಳಸಬಾರದು. ಕುದಿಯುವ ಸೋಡಾ ನೀರಿನಲ್ಲಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಮೈಗೆ ಬೆಂಕಿಯ ಜ್ವಾಲೆ ಸವರಬೇಕು. ಹಳೆಯ ಎರಿಗಳನ್ನು ಮರಳಿ ಬಳಸುವುದು ಬೇಡ. ಸ್ಯಾಕ್‌ಬ್ರೂಡ್ ರೋಗಕ್ಕೆ ಔಷಧಿ ಇಲ್ಲ. ಕೋಶದಲ್ಲಿ ಮರಿಗಳು ಉದ್ದಕ್ಕೆ ಚಾಚಿಕೊಂಡು, ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ ಆ ಪೆಟ್ಟಿಗೆಯ ಚೌಕಟ್ಟನ್ನಾಗಲಿ, ಉಳಿಯನ್ನಾಗಲಿ ಇನ್ನೊಂದು ಪೆಟ್ಟಿಗೆಗೆ ಒಯ್ಯಬಾರದು.

ಮುಖಪರದೆಯಲ್ಲೂ ಉಳಿತಾಯ ಸಲ್ಲದು. ಕುಟುಕಿದ ಕೊಂಡಿಯನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಬೇಕು. ಕುಟುಕಿದ ಬಳಿಕ ಮೈಯೆಲ್ಲ ದದ್ದು, ಉಸಿರುಗಟ್ಟುವಿಕೆ, ತಲೆಸುತ್ತು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂಥವರು ಮತ್ತೆ ಪೆಟ್ಟಿಗೆಯ ಹತ್ತಿರ ಹೋಗಬಾರದು.

ಅಳತೆ ಒಂದೇ ಆದರೆ

ಅಳತೆಯ ಬೆಲೆ ನಿಜವಾಗಿ ತಿಳಿಯುವುದು ಕಷ್ಟಕಾಲದಲ್ಲಿ. ಪೆಟ್ಟಿಗೆಯ ರಾಣಿ ಸತ್ತಿತು ಎನ್ನಿ. ಎರಿಯಲ್ಲಿ ಮೊಟ್ಟೆಯಿಲ್ಲ, ಎಳೆಯ ಮರಿಯಿಲ್ಲ. ಹಾಗೆಯೇ ಬಿಟ್ಟರೆ ಆ ಕುಟುಂಬಕ್ಕೆ ಉಳಿಗಾಲವಿಲ್ಲ. ಆಗ ನೆರೆಮನೆಯ ಆರೋಗ್ಯವಂತ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆಮರಿಗಳಿರುವ ಒಂದೇ ಒಂದು ಚೌಕಟ್ಟು ತಂದು ಇಟ್ಟರೆ, ನೊಣಗಳು ಅದರಲ್ಲಿನ ಮರಿಯೊಂದಕ್ಕೆ ರಾಜಶಾಹಿ ರಸ ಉಣಿಸಿ ಹೊಸ ರಾಣಿಯನ್ನೇ ಬೆಳೆಸಿಕೊಳ್ಳುತ್ತವೆ. ಎಲ್ಲ ಸರಿಯಾಗಿ ನಡೆದರೆ ತಿಂಗಳೊಪ್ಪತ್ತಿನಲ್ಲಿ ಆ ಪೆಟ್ಟಿಗೆಯಲ್ಲಿ ಮತ್ತೆ ಮೊಟ್ಟೆ ಕಾಣಬಹುದು.

ಆದರೆ ನೆರೆಮನೆಯ ಚೌಕಟ್ಟು ಈ ಪೆಟ್ಟಿಗೆಯಲ್ಲಿ ಕೂರಬೇಕಲ್ಲ! ಒಬ್ಬರದು ಅರ್ಧ ಅಂಗುಲ ಉದ್ದ, ಇನ್ನೊಬ್ಬರದು ಕಾಲು ಅಂಗುಲ ಗಿಡ್ಡವಾದರೆ ಕೊಡುವ ಮನಸ್ಸಿದ್ದರೂ ಕೊಡಲಾಗದು. ಪುತ್ತೂರು, ವಿರಾಜಪೇಟೆಗಳಲ್ಲಿ ಹಿಂದೆಯೇ ಹುಟ್ಟಿಕೊಂಡ ಜೇನು ಸಾಕುವವರ ಸಹಕಾರ ಸಂಘಗಳ ನಾಡು ಇದು. ಅಂಥ ಕಡೆ ನೆರೆಹೊರೆಯವರೆಲ್ಲ ಒಂದೇ ಅಳತೆ ಇಟ್ಟುಕೊಳ್ಳುವುದು ಕಷ್ಟವಲ್ಲ.

ಅಟ್ಟದ ಮೇಲಿನ ಪೆಟ್ಟಿಗೆಯನ್ನು ಈ ಭಾನುವಾರ ಕೆಳಗಿಳಿಸಿ. ಧೂಳು ಕೊಡವಿ, ಮಕ್ಕಳ ಕೈಯಿಂದ ಒಂದು ಪೆನ್ಸಿಲ್ ಇಸಿದುಕೊಂಡು ಸಂದುಗಳಲ್ಲಿ ತೂರಿಸಿ ನೋಡಿ. ಜೇನು ಬಿಟ್ಟುಹೋದದ್ದು ಕೈಗುಣದಿಂದಲೋ ಅಳತೆಯಿಂದಲೋ ಎಂಬುದು ಆಗಲೇ ತಿಳಿದೀತು. ಕೈಗುಣವನ್ನು ಬದಲಿಸುವುದು ಯಾರಿಗೂ ಆಗದು. ಅಳತೆಯನ್ನು ಒಂದು ಉಳಿ, ಒಂದು ಗರಗಸ ಇದ್ದವರು ಯಾರು ಬೇಕಾದರೂ ಸರಿಪಡಿಸಬಹುದು.